ಮಧ್ಯಾಹ್ನದ ಸಭೆ, ಸಂಜೆಯ ಸಭೆ

ಲಾಸ್ ಏಂಜಲಿಸ್ ನಗರಕ್ಕೆ ಹೋಗಿಬಂದವರನ್ನು ನಮ್ಮ ಜನ ಕೇಳುವ ಪ್ರಶ್ನೆಗಳು ಮೂರು: ಹಾಲಿವುಡ್ ನೋಡಿದಿರಾ? ಡಿಸ್ನಿಲ್ಯಾಂಡ್ ನೋಡಿದಿರಾ? ಸಮುದ್ರ ನೋಡಿದಿರಾ? ಮೂರಕ್ಕೂ ಹೌದೆಂದು ನಾನು ತಲೆಯಾಡಿಸಬಲ್ಲೆ. ಆದರೆ ಆ ಮೂರನ್ನು ಕುರಿತು ನನಗಿಂತ ಸೊಗಸಾಗಿ ಬರೆದವರು, ಬರೆಯಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಆ ಊರಿನ ಒಂದು ಕಾಲುದಾರಿಯ ವಿಷಯ. ಅದರ ಬಳಿ ಒಂದು ಬೀದಿಯ ಅಂತರದಲ್ಲಿ ಎದುರುಬದುರಾಗಿ ನಿಂತಿರುವ ಎರಡು ಸಭಾಭವನಗಳ ವಿಷಯ.

2025ರ ಬೇಸಿಗೆಯ ರಜದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಭಾವ ಇರುವುದು ಆ ಮಹಾನಗರದ ಪಶ್ಚಿಮ ಭಾಗದ ಕಲ್ವರ್ ಸಿಟಿಯಲ್ಲಿ. ನಾನು ಹೋಗಿ ಇಳಿದಾಗ ಆ ಮನೆಯಲ್ಲಿ ಫೆಬ್ರವರಿ ತಿಂಗಳಿನಲ್ಲಿ ಹೊತ್ತಿಕೊಂಡಿದ್ದ ಒಂದು ವಾಗ್ವಾದ ಮೇ ತಿಂಗಳಾದರೂ ಆರಿರಲಿಲ್ಲ. ವಾದಿ ಹದಿನೇಳು ವರ್ಷದ ಅಕ್ಕನ ಮಗಳು, ಪ್ರತಿವಾದಿ ಭಾವ. ಅಕ್ಕ ನ್ಯಾಯಾಧೀಶಳಾಗಲು ಒಪ್ಪದೆ ಅಡಿಗೆಮನೆಯಲ್ಲಿ ತಲೆಮರೆಸಿಕೊಂಡಿದ್ದಳು. ಆದ್ದರಿಂದ ಕನ್ನಡದ ಮೇಷ್ಟರಾದ ನನ್ನನ್ನು, ಪ್ರಯಾಣದ ದಣಿವು ಆರುವ ಮೊದಲೇ, ಆ ಪೀಠದಲ್ಲಿ ಕೂರಿಸಿದರು.

ವಿಷಯ, ಗ್ರ್ಯಾಮಿ ಪ್ರಶಸ್ತಿಗಳು. ವಾಚಕರಲ್ಲಿ ಕಿರಿಯರಿಗೆ ಇದನ್ನು ಹೇಳಬೇಕಾಗಿಲ್ಲ. ಹಿರಿಯರಿಗಾಗಿ ಎರಡು ಮಾತು. ಅಮೆರಿಕದಲ್ಲಿ ಧ್ವನಿಮುದ್ರಿತ ಸಂಗೀತಕ್ಕೆ ಕೊಡುವ ಅತಿ ದೊಡ್ಡ ಮನ್ನಣೆ ಇದು. ಗ್ರಾಮಫೋನು ಎಂಬ ಹೆಸರಿನ ಮೊಟಕು ರೂಪವೇ ಗ್ರ್ಯಾಮಿ. ಕೊಡುವ ಪಾರಿತೋಷಕವೂ ನಮ್ಮ ಅಜ್ಜಂದಿರ ಮನೆಯ ಕೊಳವೆ ಗ್ರಾಮಫೋನಿನ ಚಿಕ್ಕ ಪ್ರತಿಕೃತಿ. 1959ರ ಮೇ ತಿಂಗಳಿನಲ್ಲಿ ಮೊದಲ ಸಲ ಕೊಟ್ಟಾಗ ಪ್ರಶಸ್ತಿಗಳು 28. ಸಮಾರಂಭ ನಡೆದದ್ದು ಇದೇ ಊರಿನ ಮಗ್ಗುಲಿನ ಬೆವರ್ಲಿ ಹಿಲ್ಸಿನ ಹೋಟೆಲೊಂದರಲ್ಲಿ ಮತ್ತು ಅದೇ ದಿನ ನ್ಯೂಯಾರ್ಕಿನಲ್ಲಿ. ಮೊದಲ ವರ್ಷವೇ ಎಲ್ಲಾ ಫಿಟ್ಜ್‌ಜೆರಾಲ್ಡ್, ಕೌಂಟ್ ಬೇಸಿ ಎಂಬ ಕಪ್ಪು ಜನಾಂಗದ ಇಬ್ಬರು ಮಹಾ ಕಲಾವಿದರಿಗೆ ಬಹುಮಾನ ಬಂದಿತ್ತು ಎಂಬುದನ್ನು ಮರೆಯಬಾರದು. 1971ರಿಂದ ಸಮಾರಂಭವನ್ನು ಟೆಲಿವಿಷನ್ನಿನಲ್ಲಿ ನೇರವಾಗಿ ತೋರಿಸತೊಡಗಿದರು. 2025ರ ಫೆಬ್ರವರಿ 2ರಂದು ಕೊಟ್ಟ ಪ್ರಶಸ್ತಿಗಳ ಸಂಖ್ಯೆ 94. ಆರೂವರೆ ದಶಕಗಳಲ್ಲಿ ಸಂಗೀತ ಮೂರು ಪಟ್ಟು ಬೆಳೆಯಿತೋ, ಬಹುಮಾನ ಮಾತ್ರ ಬೆಳೆಯಿತೋ, ಬಲ್ಲವರು ಹೇಳಬೇಕು.

"ನೋಡಯ್ಯಾ ಮೇಷ್ಟ್ರೇ," ಎಂದರು ಭಾವ. "ಓಟು ಹಾಕೋವರು ದಾರಿಹೋಕರಲ್ಲ. ಹಾಡೋವರು, ಹಾಡು ಕಟ್ಟೋವರು, ಧ್ವನಿಮುದ್ರಣ ಮಾಡೋವರು. ಹಾಡು ಕೇಳಿ ಓಟು ಹಾಕ್ತಾರೆ. ಹಾಡಿದವರ ಬಣ್ಣ ನೋಡಿ ಬಹುಮಾನ ಹಂಚೋಕೆ ಇದೇನು ಪ್ರಸಾದವೇ?"

"ಬಣ್ಣ ನೋಡಬಾರದು ಅಂತಲೇ ಅಪ್ಪ ನಾನೂ ಹೇಳೋದು," ಎಂದಳು ಹುಡುಗಿ.

ಇಬ್ಬರ ಪಕ್ಷವೂ ಒಂದೇ ಆಗಿದ್ದು ವಾದ ಮಾತ್ರ ನಿಲ್ಲದಿರುವುದನ್ನು ಕಂಡು ನನಗೆ ಕುತೂಹಲ ಹುಟ್ಟಿತು. "ಮಾವ, ಇಲ್ಲಿ ಕೂತು ಮಾತಾಡಿದರೆ ಆಗಲ್ಲ, ನೋಡಿ ಬರೋಣ ಬಾ," ಎಂದು ಶನಿವಾರ ಬೆಳಿಗ್ಗೆ ಅವಳೇ ಹೊರಡಿಸಿದಳು. ಭಾವನೂ ಬಂದರು. ಪೇಟೆಯ ನಡುವೆ ಕಾರು ನಿಲ್ಲಿಸಲು ತೆರಬೇಕಾದ ಹಣದ ಲೆಕ್ಕ ಹಾಕಿ ಅವರೇ ರೈಲು ವಾಸಿ ಎಂದದ್ದು ನಮ್ಮ ಪುಣ್ಯ. ಕಾರಿನಲ್ಲಿ ಹೋಗಿದ್ದರೆ ನಾನು ಈ ಊರನ್ನು ನೋಡುತ್ತಲೇ ಇರಲಿಲ್ಲ. ಇಲ್ಲಿ ಕಾರಿನಲ್ಲಿ ಕುಳಿತವನಿಗೆ ಕಾಣುವುದು ಮುಂದಿನ ಕಾರು ಮಾತ್ರ.

ಈ ರೈಲು ಸಮುದ್ರತೀರದ ಸಾಂತಾ ಮೋನಿಕದಿಂದ ಹೊರಟು ಊರನ್ನು ಪಶ್ಚಿಮದಿಂದ ಪೂರ್ವಕ್ಕೆ ಸೀಳಿಕೊಂಡು ಹೋಗುತ್ತದೆ. ಕಲ್ವರ್ ಸಿಟಿಯಲ್ಲಿ ಕಂಬಗಳ ಮೇಲಿದ್ದ ಹಳಿ ಕ್ರಮೇಣ ನೆಲಕ್ಕಿಳಿದು ಎಕ್ಸ್‌ಪೊಸಿಷನ್ ಎಂಬ ಹೆದ್ದಾರಿಯ ನಡುವೆ ಸಾಗುತ್ತದೆ. ಎರಡೂ ಬದಿಗೆ ಒಂದಂತಸ್ತಿನ ಮನೆಗಳು, ತಾಳೆಯಂತಹ ಎತ್ತರದ ಮರಗಳು, ಅಲ್ಲಲ್ಲಿ ಪ್ರಾರ್ಥನಾ ಮಂದಿರಗಳು. ಕ್ರೆನ್ಷಾ ಎಂಬ ನಿಲ್ದಾಣ ಬಂದಾಗ ಹುಡುಗಿ ಕಿಟಕಿಯಿಂದ ದಕ್ಷಿಣಕ್ಕೆ ಕೈ ತೋರಿಸಿದಳು. ಆ ಕಡೆ ಕಪ್ಪು ಜನಾಂಗದವರು ಹಲವು ತಲೆಮಾರಿನಿಂದ ನೆಲೆಸಿರುವ ಬಡಾವಣೆಗಳಿವೆ. ಇನ್ನೂ ದೂರಕ್ಕೆ ಹೋದರೆ ಕಾಂಪ್ಟನ್. ಇಂದು ಲೋಕವೆಲ್ಲ ಕೇಳುವ ರ್‍ಯಾಪ್ ಹಾಡಿಕೆಯ ಒಂದು ದೊಡ್ಡ ಶಾಖೆ ಬೇರುಬಿಟ್ಟದ್ದು ಅಲ್ಲಿಯೇ. ಅಲ್ಲಿ ಹುಟ್ಟಿ ಬೆಳೆದ ಕೆಂಡ್ರಿಕ್ ಲಮಾರ್ ಎಂಬಾತನಿಗೆ 2025ರ ಸಮಾರಂಭದಲ್ಲಿ ಐದು ಪ್ರಶಸ್ತಿಗಳು ಬಂದವು. ಆ ಬಡಾವಣೆಗಳಿಗೂ ಪ್ರಶಸ್ತಿ ಕೊಡುವ ಭವನಕ್ಕೂ ರೈಲಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಹಾಡು ಮಾತ್ರ ಆ ದಾರಿ ನಡೆಯಲು ಬಹಳ ವರ್ಷ ತೆಗೆದುಕೊಂಡಿತು.

ಜೆಫರ್ಸನ್ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ನಡೆದರೆ ಷ್ರೈನ್ ಸಭಾಭವನ ಸಿಗುತ್ತದೆ. 1926ರಲ್ಲಿ ಕಟ್ಟಿದ್ದು, ಗುಮ್ಮಟ, ಕಮಾನುಗಳನ್ನು ಕಂಡು ನನಗೆ ಕ್ಷಣಕಾಲ ಬಿಜಾಪುರದ ನೆನಪಾಯಿತು. ಆರು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಮಂದಿರ. ಹೊರಗೆ ಒಬ್ಬ ಮುದುಕ ನೀರು ಚಿಮುಕಿಸಿ ಗುಡಿಸುತ್ತಿದ್ದ. ಒಳಗೆ ಹೋಗಲು ಅವಕಾಶವಿರಲಿಲ್ಲ. ಹೊರಗೇ ನಿಂತು ಹುಡುಗಿ ಎರಡು ವರ್ಷಗಳ ಕಥೆ ಹೇಳಿದಳು.

ಮೊದಲನೆಯದು 1989. ಆ ವರ್ಷ ಮೊತ್ತಮೊದಲಾಗಿ ರ್‍ಯಾಪ್ ಹಾಡಿಕೆಗೆ ಒಂದು ಪ್ರಶಸ್ತಿಯನ್ನು ಇಟ್ಟಿದ್ದರು. ಬೀದಿಯ ಮೂಲೆಯಲ್ಲಿ, ಗೆಳೆಯರ ಗುಂಪಿನಲ್ಲಿ, ಲಯವೊಂದನ್ನೇ ನೆಚ್ಚಿ ಮಾತನ್ನು ಹಾಡಾಗಿಸಿದ ಹುಡುಗರಿಗೆ ಅಂತೂ ಒಂದು ಮಣೆ ಸಿಕ್ಕಿತು. ಆದರೆ ಆ ಪ್ರಶಸ್ತಿ ಕೊಡುವುದನ್ನು ಟೆಲಿವಿಷನ್ನಿನಲ್ಲಿ ತೋರಿಸಲು ಸಮಯವಿಲ್ಲ ಎಂದುಬಿಟ್ಟರು. ಗೆದ್ದವರು ಜಾಜಿ ಜೆಫ್ ಮತ್ತು ಫ್ರೆಶ್ ಪ್ರಿನ್ಸ್ ಎಂಬ ಇಬ್ಬರು ತರುಣರು. ಈ ಫ್ರೆಶ್ ಪ್ರಿನ್ಸೇ ಮುಂದೆ ಚಲನಚಿತ್ರಗಳಲ್ಲಿ ಪ್ರಸಿದ್ಧನಾದ ವಿಲ್ ಸ್ಮಿತ್. ಅವರು ಸಮಾರಂಭಕ್ಕೆ ಬರಲೇ ಇಲ್ಲ. ಅವರೊಡನೆ ಇನ್ನೂ ಕೆಲವರು ಹೊರಗುಳಿದರು. ಊಟಕ್ಕೆ ಕರೆದು ಹಿತ್ತಲಿನಲ್ಲಿ ಎಲೆ ಹಾಕಿದರೆ ಬರುವ ಕೋಪ ಎಂತಹುದೆಂದು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕೆ?

ಎರಡನೆಯದು 1999. ಅದೇ ಮಂದಿರದಲ್ಲಿ ಲಾರಿನ್ ಹಿಲ್ ಎಂಬ ಕಪ್ಪು ಹೆಣ್ಣುಮಗಳು ಒಂದೇ ದಿನ ಐದು ಪ್ರಶಸ್ತಿಗಳನ್ನು ಪಡೆದಳು. ಅದರಲ್ಲಿ ಒಂದು, ವರ್ಷದ ಅತ್ಯುತ್ತಮ ಆಲ್ಬಮ್ ಎಂಬ, ಎಲ್ಲಕ್ಕೂ ಮೇಲಿನ ಪ್ರಶಸ್ತಿ. ಹಿಪ್ ಹಾಪ್ ಬಗೆಯ ಸಂಗೀತಕ್ಕೆ ಅದು ದೊರೆತದ್ದು ಅದೇ ಮೊದಲು. ಹತ್ತು ವರ್ಷದಲ್ಲಿ ಹಿತ್ತಲಿನಿಂದ ನಡುಮನೆಗೆ ಬಂದಂತಾಯಿತು.

"ಮತ್ತೇನು? ನ್ಯಾಯ ಸಿಕ್ಕಿತಲ್ಲ," ಎಂದರು ಭಾವ.

"ಆಮೇಲೆ ಇನ್ನೊಬ್ಬಳು ಕಪ್ಪು ಹೆಂಗಸಿಗೆ ಅದು ಸಿಗೋಕೆ ಇಪ್ಪತ್ತಾರು ವರ್ಷ ಬೇಕಾಯಿತು ಅಪ್ಪ," ಎಂದಳು ಮಗಳು.

ಷ್ರೈನ್ ಮಂದಿರದ ಎದುರಿಗೇ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಆವರಣ. ಕೆಂಪು ಇಟ್ಟಿಗೆಯ ಕಟ್ಟಡಗಳು, ನೆರಳಿನ ದಾರಿಗಳು. ಅಧ್ಯಾಪಕನಾದವನಿಗೆ ಇಂತಹ ಕಡೆ ಹೊಟ್ಟೆಕಿಚ್ಚಾಗುವುದು ಸಹಜ. ಇಲ್ಲಿಯ ಆನೆನ್‌ಬರ್ಗ್ ಶಾಲೆಯ ಸಂಶೋಧಕರು 2018ರಲ್ಲಿ ಒಂದು ಲೆಕ್ಕ ಹಾಕಿದರು. 2013ರಿಂದ 2018ರವರೆಗೆ ಪ್ರಮುಖ ಗ್ರ್ಯಾಮಿ ಪ್ರಶಸ್ತಿಗಳಿಗೆ ನಾಮನಿರ್ದೇಶನಗೊಂಡವರಲ್ಲಿ ಗಂಡಸರು ನೂರಕ್ಕೆ 90.7, ಹೆಂಗಸರು 9.3. ಆ ಲೆಕ್ಕ ಹೊರಬಂದ ತಿಂಗಳಿನಲ್ಲೇ ನ್ಯೂಯಾರ್ಕಿನಲ್ಲಿ ನಡೆದ ಸಮಾರಂಭದಲ್ಲಿ, ಟೆಲಿವಿಷನ್ನಿನಲ್ಲಿ ತೋರಿಸಿದ ಪ್ರಶಸ್ತಿಗಳ ಪೈಕಿ ಒಬ್ಬಳೇ ನಿಂತು ಪಡೆದ ಹೆಂಗಸು ಅಲೆಸಿಯ ಕಾರ ಎಂಬ ತರುಣಿಯೊಬ್ಬಳು. ಏಕೆ ಹೀಗೆ ಎಂದು ಪತ್ರಿಕೆಯವರು ಕೇಳಿದಾಗ, ಪ್ರಶಸ್ತಿ ಕೊಡುವ ಅಕಾಡೆಮಿಯ ಅಂದಿನ ಅಧ್ಯಕ್ಷರು ಹೆಂಗಸರೇ ಇನ್ನಷ್ಟು ಮುಂದೆ ಬರಬೇಕು ಎಂಬ ಅರ್ಥದ ಮಾತಾಡಿದರು. ನನ್ನ ಮಾತನ್ನು ಸಂದರ್ಭದಿಂದ ಕಿತ್ತು ತೋರಿಸಿದ್ದಾರೆ ಎಂದು ಆಮೇಲೆ ವಿವರಿಸಿದರೂ ಬೆಂಕಿ ಆರಲಿಲ್ಲ. 2019ರಲ್ಲಿ ಅವರು ಆ ಸ್ಥಾನದಿಂದ ಇಳಿದರು.

ಈ ಅಂಕೆಗಳನ್ನು ಕೇಳಿ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರು ಇಂಜಿನಿಯರು, ಅಂಕೆಯನ್ನು ಅಗೌರವಿಸುವವರಲ್ಲ.

ಮತ್ತೆ ರೈಲು ಹತ್ತಿ ಪಿಕೊ ನಿಲ್ದಾಣದಲ್ಲಿ ಇಳಿದೆವು. ಇಲ್ಲಿಂದ ಊರಿನ ರೂಪವೇ ಬೇರೆ. ಗಾಜಿನ ಗೋಪುರಗಳು, ಹಗಲಲ್ಲೂ ಮಿನುಗುವ ಜಾಹೀರಾತಿನ ಪರದೆಗಳು. ನಡುವೆ ತಟ್ಟೆಯನ್ನು ಬೋರಲು ಹಾಕಿದಂತೆ ಒಂದು ಬೃಹತ್ ಕ್ರೀಡಾಂಗಣ. 1999ರಲ್ಲಿ ತೆರೆದಾಗ ಇದಕ್ಕೆ ಸ್ಟೇಪಲ್ಸ್ ಎಂಬ ಕಾಗದ ಲೇಖನಿ ಮಾರುವ ಕಂಪನಿಯ ಹೆಸರಿತ್ತು. 2021ರ ಕೊನೆಯಿಂದ ಕ್ರಿಪ್ಟೊ ಡಾಟ್ ಕಾಮ್ ಎಂಬ ಹೆಸರು. ಕಾಗದ ಹೋಗಿ ಕಣ್ಣಿಗೆ ಕಾಣದ ಹಣ ಬಂದದ್ದು ಕಾಲಮಹಿಮೆ. ಬಾಸ್ಕೆಟ್‌ಬಾಲ್ ಆಡುವ ಈ ಅಂಗಣವೇ 2000ದಿಂದ ಈಚೆಗೆ ಹೆಚ್ಚಿನ ವರ್ಷಗಳಲ್ಲಿ ಗ್ರ್ಯಾಮಿ ಸಮಾರಂಭದ ರಂಗಸ್ಥಳ. ಬೀದಿಯ ಆಚೆ ಬದಿಗೆ ಇನ್ನೊಂದು ಭವನ, ಏಳು ಸಾವಿರ ಆಸನಗಳ ಪೀಕಾಕ್ ನಾಟಕಶಾಲೆ. ಇದಕ್ಕೂ ಹೆಸರಿನ ಮೇಲೆ ಹೆಸರು ಬದಲಾಗಿದೆ. ಮೊದಲು ನೋಕಿಯ, ಅನಂತರ ಮೈಕ್ರೊಸಾಫ್ಟ್, ಈಗ ನವಿಲು.

ಪ್ರಶಸ್ತಿಯ ದಿನ ಈ ಎರಡು ಭವನಗಳಲ್ಲೂ ಸಭೆ ಸೇರುತ್ತದೆ. ನಾಟಕಶಾಲೆಯದು ಮಧ್ಯಾಹ್ನದ ಸಭೆ. ಅಲ್ಲಿ ಎಂಬತ್ತಕ್ಕೂ ಮೀರಿ ಪ್ರಶಸ್ತಿಗಳನ್ನು ಒಂದರ ಹಿಂದೊಂದರಂತೆ ಕೊಟ್ಟು ಮುಗಿಸುತ್ತಾರೆ. ಜಾಜ್, ಶಾಸ್ತ್ರೀಯ ಸಂಗೀತ, ಭಜನೆಯಂತಹ ಗಾಸ್ಪೆಲ್ ಹಾಡುಗಳು, ಮಕ್ಕಳ ಹಾಡು, ಜಗತ್ತಿನ ಉಳಿದೆಲ್ಲ ದೇಶಗಳ ಸಂಗೀತ, ಎಲ್ಲವೂ ಅಲ್ಲಿಯೇ. ಇದನ್ನು ಅಂತರ್ಜಾಲದಲ್ಲಿ ಬೇಕಾದವರು ನೋಡಬಹುದು. ಐದು ಗಂಟೆಗೆ ಎದುರಿನ ಅಂಗಣದಲ್ಲಿ ದೊಡ್ಡ ಸಭೆ. ನ್ಯೂಯಾರ್ಕಿನವರಿಗೆ ಅದು ರಾತ್ರಿ ಎಂಟು ಗಂಟೆ. ಅವರು ಊಟ ಮುಗಿಸಿ ಟೆಲಿವಿಷನ್ನಿನ ಮುಂದೆ ಕೂರುವ ಹೊತ್ತಿಗೆ ಸರಿಯಾಗಿ ಇಲ್ಲಿ ಪರದೆ ಏಳುತ್ತದೆ. ಈ ಸಂಜೆಯ ಸಭೆಯಲ್ಲಿ ಕೊಡುವ ಪ್ರಶಸ್ತಿ ಸುಮಾರು ಹತ್ತು. ಉಳಿದ ಹೊತ್ತೆಲ್ಲ ಹಾಡು, ಕುಣಿತ, ಬೆಳಕು. ಸಂಜೆ ವೇದಿಕೆಯಲ್ಲಿ ಕೈಗೆ ಕೊಡುವ ಗ್ರಾಮಫೋನು ತೋರಿಕೆಯದಂತೆ. ಕೊಲೊರಾಡೊ ಪ್ರಾಂತ್ಯದ ರಿಡ್ಜ್‌ವೇ ಎಂಬ ಪುಟ್ಟ ಊರಿನಲ್ಲಿ ಕೈಕೆಲಸದವರು ಮಾಡಿದ, ಹೆಸರು ಕೆತ್ತಿದ ನಿಜವಾದ ಗ್ರಾಮಫೋನು ಗೆದ್ದವರ ಮನೆಗೆ ಆಮೇಲೆ ಬರುತ್ತದೆ. ಈ ಸಂಗತಿ ಕೇಳಿ ನನಗೆ ನಮ್ಮ ನಾಟಕದ ಕಂಪನಿಗಳ ತಗಡಿನ ಕಿರೀಟ ನೆನಪಾಯಿತು.

ನಾನು ಮೊದಲಿಗೆ ಹೇಳಿದ ಕಾಲುದಾರಿ ಇರುವುದು ಇಲ್ಲಿಯೇ. 2008ರಲ್ಲಿ ತೆರೆದ ಗ್ರ್ಯಾಮಿ ವಸ್ತುಸಂಗ್ರಹಾಲಯ ಮೂಲೆಯಲ್ಲಿದೆ. ಅದರ ಸುತ್ತಿನ ಕಾಲುದಾರಿಗಳಲ್ಲಿ ಕಂಚಿನ ಬಿಲ್ಲೆಗಳನ್ನು ಹುದುಗಿಸಿ, ಆಯಾ ವರ್ಷ ನಾಲ್ಕು ಮುಖ್ಯ ಪ್ರಶಸ್ತಿಗಳನ್ನು ಗೆದ್ದವರ ಹೆಸರನ್ನು ಬರೆದಿದ್ದಾರೆ. ವಸ್ತುಸಂಗ್ರಹಾಲಯದ ಒಳಗೆ ಉಡುಪುಗಳು, ವಾದ್ಯಗಳು, ಪಾರಿತೋಷಕಗಳು ಇವೆ, ಚೆನ್ನಾಗಿಯೇ ಇವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊರಗಿನ ಬಿಲ್ಲೆಗಳು. ಶಾಸನಗಳನ್ನು ಓದುವ ಚಟವಿದ್ದವನಿಗೆ ನೆಲದ ಮೇಲಿನ ಬರಹ ಕಂಡರೆ ಬಗ್ಗದೆ ಇರಲಾಗದು. ಜನ ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು. ಭಾವ ನನ್ನ ಪರಿಚಯವೇ ಇಲ್ಲದವರಂತೆ ದೂರ ನಿಂತಿದ್ದರು.

1974, 1975, 1977ರ ವರ್ಷಗಳಲ್ಲಿ ಅತ್ಯುತ್ತಮ ಆಲ್ಬಮ್ಮಿಗೆ ಸ್ಟೀವಿ ವಂಡರ್ ಹೆಸರು. ಹುಟ್ಟಿದಾಗಿನಿಂದ ಕಣ್ಣು ಕಾಣದ ಈ ಕಪ್ಪು ಗಾಯಕನಿಗೆ ನಾಲ್ಕು ವರ್ಷದಲ್ಲಿ ಮೂರು ಸಲ! ಭಾವನಿಗೆ ಇದು ದೊಡ್ಡ ಅಸ್ತ್ರವಾಯಿತು. 1984ರಲ್ಲಿ ಮೈಕೇಲ್ ಜಾಕ್ಸನ್. 1991ರಲ್ಲಿ ಕ್ವಿನ್ಸಿ ಜೋನ್ಸ್. 1992ರಲ್ಲಿ ನ್ಯಾಟಲಿ ಕೋಲ್. 1994ರಲ್ಲಿ ವಿಟ್ನಿ ಹ್ಯೂಸ್ಟನ್. ಹುಡುಗಿಯ ಪಕ್ಷ ಸೋಲುತ್ತಿದೆ ಎಂದೇ ನನಗೂ ಅನ್ನಿಸಿತು. ನ್ಯಾಯವಾಗಿ ಹೇಳಬೇಕಾದರೆ, ಈ ಅಕಾಡೆಮಿ ಎಂದೂ ಯಾರಿಗೂ ಬಾಗಿಲು ಮುಚ್ಚಿತ್ತು ಎನ್ನುವಂತಿಲ್ಲ. ಆದರೆ 1999ರ ಲಾರಿನ್ ಹಿಲ್ ಆದ ಮೇಲೆ ಸ್ಥಿತಿ ಬದಲಾಗುತ್ತದೆ. ಆ ದೇಶದ ಯುವಜನರೆಲ್ಲ ರ್‍ಯಾಪ್ ಕೇಳುತ್ತಿದ್ದ ಆ ಕಾಲು ಶತಮಾನದಲ್ಲಿ ರ್‍ಯಾಪ್ ಹಾಡುವವರಿಗೆ ಅತ್ಯುತ್ತಮ ಆಲ್ಬಮ್ ಪ್ರಶಸ್ತಿ ದೊರೆತದ್ದು 2004ರಲ್ಲಿ ಒಮ್ಮೆ, ಔಟ್‌ಕ್ಯಾಸ್ಟ್ ಎಂಬ ಜೋಡಿಗೆ.

ಈ ಅವಧಿಯ ಕಥಾನಾಯಕಿ ಬಿಯಾನ್ಸೆ. ಅವಳಷ್ಟು ಗ್ರ್ಯಾಮಿಗಳನ್ನು ಗೆದ್ದವರು ಬೇರೆ ಯಾರೂ ಇಲ್ಲ. 2023ರಲ್ಲಿ ಅವಳ ಲೆಕ್ಕ 32ಕ್ಕೆ ಏರಿ, ಷಿಕಾಗೊ ವಾದ್ಯವೃಂದವನ್ನು ನಡೆಸುತ್ತಿದ್ದ ಜಾರ್ಜ್ ಷೋಲ್ಟಿಯ 31ರ ದಾಖಲೆ ಮುರಿಯಿತು. ಆದರೂ ಅತ್ಯುತ್ತಮ ಆಲ್ಬಮ್ ಎಂಬ ಪ್ರಶಸ್ತಿಗೆ 2010, 2015, 2017, 2023, ಹೀಗೆ ನಾಲ್ಕು ಸಲ ಇದೇ ಅಂಗಣದಲ್ಲಿ ಕಾದು ಕುಳಿತು ನಾಲ್ಕು ಸಲವೂ ಬರಿಗೈಯಲ್ಲಿ ಎದ್ದಳು. ಉಳಿದ ಬಹುಮಾನಗಳಲ್ಲಿ ಬಹುಪಾಲು ಕಪ್ಪು ಜನಾಂಗದ ಸಂಗೀತಕ್ಕೆಂದು ಇಟ್ಟ ವಿಭಾಗಗಳಲ್ಲಿ ಬಂದವು. 2017ರಲ್ಲಿ ಗೆದ್ದವಳು ಇಂಗ್ಲೆಂಡಿನ ಅಡೆಲ್. ವೇದಿಕೆಯ ಮೇಲೆ ನಿಂತು ಅವಳು ಕಣ್ಣೀರು ತುಂಬಿಕೊಂಡು, ನನ್ನ ಬದುಕಿನ ಕಲಾವಿದೆ ಬಿಯಾನ್ಸೆ, ಈ ವರ್ಷದ ಮಹತ್ವದ ಆಲ್ಬಮ್ ಅವಳದು ಎಂಬ ಭಾವದ ಮಾತಾಡಿದಳು. ಪ್ರಶಸ್ತಿ ಪಡೆದವಳೇ ತೀರ್ಪನ್ನು ಒಪ್ಪದ ಆ ಗಳಿಗೆಯನ್ನು ಕೋಟ್ಯಂತರ ಜನ ಮನೆಯಲ್ಲಿ ಕುಳಿತು ನೋಡಿದರು. ಟೆಲಿವಿಷನ್ ಅನ್ಯಾಯವನ್ನು ಮರೆಮಾಡುವಷ್ಟೇ ಚೆನ್ನಾಗಿ ಬಯಲೂ ಮಾಡಬಲ್ಲುದು.

ಕೊನೆಗೆ 2025ರಲ್ಲಿ ಬಿಯಾನ್ಸೆಗೆ ಅದು ದೊರೆಯಿತು. ಜನವರಿಯ ಕಾಳ್ಗಿಚ್ಚಿನಲ್ಲಿ ಈ ಊರಿನ ಎರಡು ಮೂಲೆಗಳು ಸುಟ್ಟು ಬೂದಿಯಾಗಿದ್ದ ಸಮಯ. ಬೆಂಕಿಯೊಡನೆ ಹೋರಾಡಿದ ಅಗ್ನಿಶಾಮಕ ದಳದವರೇ ವೇದಿಕೆಗೆ ಬಂದು ಅವಳ ಹೆಸರು ಕೂಗಿದರು. ಇನ್ನೂ ಅಚ್ಚರಿಯೆಂದರೆ ಅದೇ ಸಂಜೆ ಅವಳಿಗೆ ಕಂಟ್ರಿ ಸಂಗೀತದ ಅತ್ಯುತ್ತಮ ಆಲ್ಬಮ್ ಪ್ರಶಸ್ತಿಯೂ ಬಂದದ್ದು. ಕಂಟ್ರಿ ಎಂದರೆ ಅಮೆರಿಕದ ದಕ್ಷಿಣದ ಹಳ್ಳಿಗಾಡಿನ ಹಾಡು, ಬಿಳಿಯರದೇ ಸ್ವತ್ತೆಂದು ಬಹುಕಾಲ ತಿಳಿದದ್ದು. ಆ ಸಂಗೀತದ ಬ್ಯಾಂಜೊ ವಾದ್ಯದ ಮೂಲ ಆಫ್ರಿಕ ಎಂಬುದು ಬೇರೆ ಮಾತು. ಆ ಆಲ್ಬಮ್ ಪ್ರಶಸ್ತಿಯನ್ನು ಕಪ್ಪು ಜನಾಂಗದವರೊಬ್ಬರು ಪಡೆದದ್ದು ಅದೇ ಮೊದಲು. ಅದೇ ಆಲ್ಬಮ್ಮಿಗೆ ನ್ಯಾಷ್‌ವಿಲ್‌ನ ಕಂಟ್ರಿ ಸಂಗೀತ ಸಂಘದವರು 2024ರಲ್ಲಿ ಒಂದು ನಾಮನಿರ್ದೇಶನವನ್ನೂ ಕೊಟ್ಟಿರಲಿಲ್ಲ.

ಇಷ್ಟಕ್ಕೆ ಕಾರಣ ಓಟು ಹಾಕುವವರು ಬದಲಾದದ್ದೇ ಎನ್ನುತ್ತಾಳೆ ಹುಡುಗಿ. ಅದರಲ್ಲಿ ಹುರುಳಿದೆ. 2019ರಿಂದ ಈಚೆಗೆ ಅಕಾಡೆಮಿ ತನ್ನ ಸದಸ್ಯರ ಪಟ್ಟಿಯನ್ನು ಹೊಸದಾಗಿ ಕಟ್ಟಿಕೊಂಡು ಬಂದು, 2024ರ ಹೊತ್ತಿಗೆ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಹೊಸಬರೇ ಆಗಿದ್ದರು. ಇನ್ನೊಂದು ದೊಡ್ಡ ಬದಲಾವಣೆ 2021ರಲ್ಲಿ ಆಯಿತು. ಅದಕ್ಕೆ ಮೊದಲು ಅನೇಕ ವಿಭಾಗಗಳಲ್ಲಿ ಸದಸ್ಯರು ಓಟು ಹಾಕಿ ಮೇಲೆ ತಂದ ಹೆಸರುಗಳನ್ನು ಒಂದು ಗುಪ್ತ ಸಮಿತಿ ಸೋಸಿ ಕೊನೆಯ ನಾಮನಿರ್ದೇಶನವನ್ನು ಗೊತ್ತು ಮಾಡುತ್ತಿತ್ತು. ಸಮಿತಿಯಲ್ಲಿ ಯಾರಿದ್ದಾರೆಂದು ಹೊರಗಿನವರಿಗೆ ತಿಳಿಯದು. ಇದನ್ನು ತಂದದ್ದು ಒಳ್ಳೆಯ ಉದ್ದೇಶದಿಂದಲೇ: ಬರಿಯ ಜನಪ್ರಿಯತೆಯ ಹೊಳೆಯಲ್ಲಿ ನಿಜವಾದ ಗುಣ ಕೊಚ್ಚಿಹೋಗದಿರಲಿ ಎಂದು. ಆದರೆ 2020ರ ನವೆಂಬರಿನಲ್ಲಿ, ಆ ವರ್ಷದ ಅತ್ಯಂತ ಜನಪ್ರಿಯ ಹಾಡುಗಳಲ್ಲೊಂದನ್ನು ಹಾಡಿದ್ದ ದಿ ವೀಕೆಂಡ್ ಎಂಬ ಗಾಯಕನಿಗೆ ಒಂದೇ ಒಂದು ನಾಮನಿರ್ದೇಶನವೂ ಬರದಿದ್ದಾಗ, ಗ್ರ್ಯಾಮಿ ಭ್ರಷ್ಟವಾಗಿದೆ ಎಂದು ಅವನು ಬಹಿರಂಗವಾಗಿ ದೂರಿ ಬಹಿಷ್ಕಾರ ಹಾಕಿದ. ಮರುವರ್ಷ ಏಪ್ರಿಲಿನಲ್ಲಿ ಸಮಿತಿಗಳು ರದ್ದಾದವು. 2025ರ ಸಂಜೆ ಅವನೇ ಅದೇ ವೇದಿಕೆಯಲ್ಲಿ ಹಾಡಿದ.

"ಗುಪ್ತವಾಗಿದ್ದರೆ ಶಿಫಾರಸು ಬರೋದಿಲ್ಲ ಅಂತ ಇಟ್ಟಿರುತ್ತಾರೆ," ಎಂದು ಭಾವ ಗೊಣಗಿದರು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ನನಗೆ ಆ ಮಾತು ಒಪ್ಪಿಗೆಯೇ. ಆದರೆ ನಮ್ಮಲ್ಲಿ ಪರೀಕ್ಷಕನಿಗೆ ವಿದ್ಯಾರ್ಥಿಯ ಹೆಸರು ಗೊತ್ತಿರುವುದಿಲ್ಲ. ಇಲ್ಲಿ ವಿದ್ಯಾರ್ಥಿ ಯಾರೆಂದು ಗೊತ್ತು, ಪರೀಕ್ಷಕನೇ ಗುಪ್ತ. ಈ ಅಂತರ ಚಿಕ್ಕದಲ್ಲ.

ಅಷ್ಟರಲ್ಲಿ ಬಿಸಿಲೇರಿತು. ನಾಟಕಶಾಲೆಯ ಮುಂದಿನ ಬಯಲಿನಲ್ಲಿ ಒಂದು ಕಟ್ಟೆಯ ಮೇಲೆ ಕುಳಿತು ಅಕ್ಕ ಕಟ್ಟಿಕೊಟ್ಟಿದ್ದ ಚಪಾತಿ ಬಿಚ್ಚಿದೆವು. ಎದುರಿಗೆ ಮುಚ್ಚಿದ ಬಾಗಿಲು. ನಮ್ಮ ದೇಶದವರು ಗ್ರ್ಯಾಮಿ ಪಡೆದ ಸುದ್ದಿಯನ್ನು ಓದಿದಾಗಲೆಲ್ಲ ನಾನು ಕಣ್ಣೆದುರು ತಂದುಕೊಂಡಿದ್ದುದು ಆಚೆಯ ಅಂಗಣದ ಬೆಳಕನ್ನು. ಬೆಂಗಳೂರಿನ ರಿಕ್ಕಿ ಕೇಜ್ 2015ರಲ್ಲಿ ದಕ್ಷಿಣ ಆಫ್ರಿಕದ ಕೊಳಲುವಾದಕನೊಬ್ಬನೊಡನೆ ಪ್ರಶಸ್ತಿ ಪಡೆದದ್ದು ಇಲ್ಲಿ, ಈ ಮಧ್ಯಾಹ್ನದ ಮನೆಯಲ್ಲಿ. 2024ರಲ್ಲಿ ಜಾಕಿರ್ ಹುಸೇನ್ ಒಂದೇ ದಿನ ಮೂರು ಪ್ರಶಸ್ತಿಗಳನ್ನೂ, ರಾಕೇಶ್ ಚೌರಾಸಿಯ ಎರಡನ್ನೂ ಪಡೆದದ್ದು ಇಲ್ಲಿಯೇ. ಆ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ ಬಂದ 2025ರ ಸಮಾರಂಭದಲ್ಲಿ, ಆ ವರ್ಷ ಅಗಲಿದ ಕಲಾವಿದರನ್ನು ಸಂಜೆಯ ಟೆಲಿವಿಷನ್ ಸಭೆಯಲ್ಲಿ ನೆನೆದಾಗ ಅವರ ಹೆಸರು ಮೂಡಲಿಲ್ಲ.

"ಅದನ್ನು ನೋಡಿ ಅಪ್ಪ ಟೀವಿ ಆರಿಸಿಬಿಟ್ಟರು ಮಾವ," ಎಂದಳು ಹುಡುಗಿ. ಭಾವ ಚಪಾತಿಯ ಕಡೆ ಗಮನ ಕೊಟ್ಟರು.

ಭಾರತೀಯರಲ್ಲಿ ಮೊದಲು ಗ್ರ್ಯಾಮಿ ಪಡೆದವರು ಪಂಡಿತ ರವಿಶಂಕರ್, 1968ರಲ್ಲಿ, ಯೆಹೂದಿ ಮೆನುಹಿನ್ನರ ಪಿಟೀಲಿನ ಜೊತೆ ಸಿತಾರ್ ನುಡಿಸಿದ್ದಕ್ಕಾಗಿ. ಆಗ ನಮ್ಮಂಥವರಿಗೆ ಬೇರೆ ವಿಭಾಗವಿರಲಿಲ್ಲ. ಯೂರೋಪಿನ ಶಾಸ್ತ್ರೀಯ ವಾದ್ಯಗೋಷ್ಠಿಗಳ ಸಾಲಿನಲ್ಲಿ ನಿಂತು ಗೆದ್ದರು. 1992ರಲ್ಲಿ ವಿಶ್ವ ಸಂಗೀತ ಎಂಬ ಆಲ್ಬಮ್ ವಿಭಾಗ ಬಂತು. ವಿಕ್ಕು ವಿನಾಯಕರಾಮರ ಘಟಕ್ಕೂ ಪಾಲು ಸಿಕ್ಕಿದ್ದು ಆ ಮೊದಲ ವರ್ಷವೇ. ಮಣ್ಣಿನ ಮಡಕೆಯ ನಾದ ಬೇರೆ ಯಾವ ಸಾಲಿನಲ್ಲಿ ನಿಂತಿದ್ದರೆ ಗೆಲ್ಲುತ್ತಿತ್ತು? ಪ್ರತ್ಯೇಕ ಪಂಕ್ತಿ ಇಟ್ಟದ್ದರಿಂದಲೇ ಊಟ ಸಿಕ್ಕಿತು. ಆದರೆ ಅಮೆರಿಕದ ಹಾಡು ಬರಿಯ ಸಂಗೀತ, ಉಳಿದ ಭೂಮಂಡಲವೆಲ್ಲ ವಿಶ್ವ ಸಂಗೀತ ಎಂದರೆ ಕೇಳುವವರಿಗೆ ಏನನ್ನಿಸಬೇಕು! ವಸಾಹತುಗಾಲದ ವಾಸನೆ ಇದೆಯೆಂದು ಅಕಾಡೆಮಿಗೇ ಮನವರಿಕೆಯಾಗಿ 2020ರಲ್ಲಿ ಆ ಹೆಸರನ್ನು ಜಾಗತಿಕ ಸಂಗೀತ ಎಂದು ಬದಲಾಯಿಸಿದರು. ಕೋಣೆ ಅದೇ, ಬಾಗಿಲ ಮೇಲಿನ ಹಲಗೆ ಹೊಸದು. ಅದೇ ವರ್ಷ ಜನವರಿಯಲ್ಲಿ ಟೈಲರ್ ಎಂಬ ಕಪ್ಪು ತರುಣ ರ್‍ಯಾಪ್ ವಿಭಾಗದ ಪ್ರಶಸ್ತಿಯನ್ನು ಕೈಯಲ್ಲಿ ಹಿಡಿದುಕೊಂಡೇ, ನಮ್ಮಂಥವರು ಯಾವ ಬಗೆಯ ಸಂಗೀತ ಮಾಡಿದರೂ ನಮ್ಮನ್ನು ರ್‍ಯಾಪ್ ಇಲ್ಲವೆ ನಗರ ಸಂಗೀತ ಎಂಬ ಪೆಟ್ಟಿಗೆಗೇ ಹಾಕುತ್ತಾರೆ ಎಂದು ನೊಂದು ನುಡಿದಿದ್ದ.

ಇದನ್ನು ಹುಡುಗಿ ಹೇಳುತ್ತಿದ್ದಂತೆ ನನ್ನ ಕೈ ತುತ್ತಿನ ಮೇಲೇ ನಿಂತಿತು.

ಏಳೆಂಟು ವರ್ಷದ ಕೆಳಗೆ ನಮ್ಮ ಕಾಲೇಜಿನಲ್ಲಿ ಅಂತರ ಕಾಲೇಜು ಗಾಯನ ಸ್ಪರ್ಧೆ ನಡೆದಿತ್ತು. ತೀರ್ಪುಗಾರರು ಮೂವರು, ಅವರಲ್ಲಿ ನಾನೊಬ್ಬ. ಪ್ರಕಟಣೆಯಲ್ಲಿ ಗಾಯನ ಎಂದಿತ್ತೇ ಹೊರತು ಎಂತಹ ಗಾಯನ ಎಂದಿರಲಿಲ್ಲ. ಹುಡುಗರು ಹುಡುಗಿಯರು ಒಬ್ಬರಾದ ಮೇಲೊಬ್ಬರು ಭಾವಗೀತೆಗಳನ್ನು ಹಾಡಿದರು. ಬಯಲುಸೀಮೆಯ ಯಾವುದೋ ಹಳ್ಳಿಯಿಂದ ಬಂದಿದ್ದ ಒಬ್ಬಳು ಏಕತಾರಿ ಹಿಡಿದು ತತ್ತ್ವಪದ ಹಾಡಿದಳು. ಸಭಾಂಗಣ ಉಸಿರು ಬಿಗಿಹಿಡಿದು ಕೇಳಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂಕ ಕೂಡಿಸುವಾಗ ನಮ್ಮಲ್ಲೊಬ್ಬರು, "ಅದ್ಭುತ, ಆದರೆ ಇದು ಜಾನಪದವಾಯಿತು, ಭಾವಗೀತೆಯ ಜೊತೆ ಹೇಗೆ ತೂಗುವುದು? ಬೇರೆ ಒಂದು ಬಹುಮಾನ ಇಟ್ಟುಬಿಡೋಣ," ಎಂದರು. ಅದು ಔದಾರ್ಯದ ಮಾತೆಂದೇ ನನಗೆ ತೋರಿತು. ಜಾನಪದ ವಿಶೇಷ ಬಹುಮಾನ ಎಂದು ಚೀಟಿಯಲ್ಲಿ ಬರೆದವನು ನಾನೇ. ಮುಖ್ಯ ಅತಿಥಿಗಳು ಬರುವುದು ತಡವಾದ್ದರಿಂದ ವಿಶೇಷ ಬಹುಮಾನಗಳನ್ನು ಮಧ್ಯಾಹ್ನವೇ ಕೊಟ್ಟು ಮುಗಿಸಿದೆವು. ಸಂಜೆ, ಛಾಯಾಚಿತ್ರಗಾರರ ಎದುರಿನಲ್ಲಿ, ಮೊದಲ ಮೂರು ಸ್ಥಾನಗಳ ಬಹುಮಾನ. ಹೊರಡುವ ಮುನ್ನ ಆ ಹುಡುಗಿ ನನ್ನ ಬಳಿ ಬಂದು ಕೇಳಿದ್ದಳು: "ಸಾರ್, ನಾನು ಹಾಡಿದ್ದು ಗಾಯನ ಅಲ್ಲವಾ?" "ನಿನಗೇ ಅಂತ ಪ್ರತ್ಯೇಕ ಬಹುಮಾನ ಕೊಟ್ಟಿದ್ದೇವಲ್ಲಮ್ಮಾ," ಎಂದು ನಕ್ಕು ಕಳಿಸಿದ್ದೆ.

ಇದನ್ನು ಇಬ್ಬರಿಗೂ ಹೇಳಿದೆ.

"ನೀನೇನೂ ಬೇಕೂಂತ ಅನ್ಯಾಯ ಮಾಡಲಿಲ್ಲವಲ್ಲಯ್ಯಾ," ಎಂದರು ಭಾವ, ತುಂಬಾ ಮೃದುವಾಗಿ.

"ಇವರೂ ಬೇಕೂಂತ ಮಾಡಲ್ಲ ಅಪ್ಪ," ಎಂದಳು ಹುಡುಗಿ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಮಾವ, ಅವಳ ಹೆಸರೇನು?"

ಮೊದಲ ಸ್ಥಾನ ಪಡೆದವನ ಹೆಸರು ಥಟ್ಟನೆ ನೆನಪಿಗೆ ಬಂತು. ಇವಳ ಹೆಸರು, ಪಿಕೊ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತ ನಿಂತಾಗಲೂ, ರೈಲು ಷ್ರೈನ್ ಮಂದಿರದ ಸಮೀಪ ಹಾದುಹೋಗುವಾಗಲೂ ಬರಲಿಲ್ಲ. ಊರಿಗೆ ಹಿಂದಿರುಗಿದ ಮೇಲೆ ಕಾಲೇಜಿನ ಆ ವರ್ಷದ ವಾರ್ಷಿಕ ಸಂಚಿಕೆ ತೆಗೆದು ನೋಡಿದೆ. ಮುಖ್ಯ ಅತಿಥಿಗಳೊಡನೆ ನಿಂತ ಮೂವರ ಚಿತ್ರವಿದೆ. ಕೆಳಗೆ, ವಿಶೇಷ ಬಹುಮಾನಗಳನ್ನೂ ನೀಡಲಾಯಿತು ಎಂದು ಒಂದು ಸಾಲು. ಸ್ಪರ್ಧೆಯ ಅಂಕಪಟ್ಟಿ ಎಲ್ಲಾದರೂ ಹಳೆಯ ಕಡತಗಳಲ್ಲಿ ಇದ್ದೀತೆಂದು ಕಚೇರಿಯ ಗುಮಾಸ್ತರಿಗೆ ಹೇಳಿದ್ದೇನೆ. ಹುಡುಕಿಸುತ್ತೇನೆ ಎಂದಿದ್ದಾರೆ.